ಗಿಡವೇ ಮುಡಿದ ದಿನ

ಮಲ್ಲಿಗೆಯನ್ನು ಅರಳಿದ ಮೇಲೆ ಬಿಡಿಸುವುದಿಲ್ಲ. ನಡು ಮಧ್ಯಾಹ್ನದ ಬಿಸಿಲಿಗೆ ಮೊಗ್ಗು ಹಾಲಿನ ಬಣ್ಣಕ್ಕೆ ತಿರುಗಿ, ತುದಿ ಇನ್ನೂ ಬಿಗಿಯಾಗಿ ಮುಚ್ಚಿಕೊಂಡಿರುವಾಗಲೇ ಬಿಡಿಸಬೇಕು. ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿ, ಬಾಳೆಪಟ್ಟೆಯ ನಾರಿನಲ್ಲಿ ಕಟ್ಟಿ ಕಳಿಸಬೇಕು. ಹೊತ್ತು ಮುಳುಗುವಾಗ ಅದು ಯಾರದೋ ಮುಡಿಯಲ್ಲಿ ಅರಳುತ್ತದೆ, ಇಲ್ಲವೇ ಗುಡಿಯಲ್ಲಿ. ಹೂಗಾರರ ಮನೆಗೆ ಸೊಸೆಯಾಗಿ ಬಂದು ನಲವತ್ತೈದು ಬೇಸಿಗೆ ನಾನು ಹೀಗೆ ಬಿಡಿಸಿದ್ದೇನೆ. ಆದರೆ ನಮ್ಮ ತೋಟ ಅರಳಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಿಲ್ಲ ಅನ್ನುವುದೂ ನನಗೆ ಗೊತ್ತಿರಲಿಲ್ಲ. ಮೊಮ್ಮಗಳು ಹೇಳಿದ ಮೇಲೆ ಗೊತ್ತಾಯಿತು.

ಅವಳಿಗೆ ಕಂಪ್ಲಿಯ ಬೋರ್ಡ್ ಶಾಲೆಯ ಮೇಷ್ಟರ ಜೊತೆ ಮದುವೆ ಗೊತ್ತಾಗಿತ್ತು. ಹೊಸಪೇಟೆ ಊರೊಳಗಿನ ನಮ್ಮ ಮನೆ ಇದ್ದದ್ದು ಸಂದಿಯಲ್ಲಿ. ಎರಡು ಬಂಡಿ ಎದುರುಬದುರು ಬಂದರೆ ಒಂದು ಹಿಂದಕ್ಕೆ ಸರಿಯಬೇಕು. ಅಲ್ಲಿ ಹಂದರ ಹಾಕಲು ಜಾಗವೆಲ್ಲಿ? ಊರ ಹೊರಗೆ ಬಸವಣ್ಣ ಕಾಲುವೆಯ ಬದಿಗಿರುವ ತೋಟದಲ್ಲೇ ಮದುವೆ ಮಾಡೋಣ ಎಂದು ನಮ್ಮ ಯಜಮಾನರು ಹೇಳಿದರು. ಅಲ್ಲಿ ಮಾವಿನ ಮರದ ನೆರಳಿದೆ, ಬಾವಿ ಇದೆ, ಸುಗ್ಗಿಯ ಕಣ ಇದೆ. ಎಲ್ಲರೂ ಒಪ್ಪಿದೆವು.

ಆವತ್ತು ನಾನೂ ಮೊಮ್ಮಗಳೂ ಕೂತು ಹೂವು ಕಟ್ಟುತ್ತಿದ್ದೆವು. ಅವಳು ನಾರಿನ ಗಂಟು ಬಿಗಿಯುತ್ತ ಕೇಳಿದಳು.

"ಅಜ್ಜಿ, ಮದುವಿ ದಿನ ಗಿಡದಾಗ ಹೂವು ಇರತಾವೇನು?"

"ಹೂವು ಯಾಕ ಇರತಾವವ್ವ, ಹಿಂದಿನ ದಿನ ಬಿಡಿಸಿರತೀವಲ್ಲ."

"ಅದಕ್ಕ ಕೇಳಿದ್ದು. ನಮ್ಮ ತೋಟ ಅರಳಿದ್ದು ನಾ ಒಮ್ಮೀನೂ ನೋಡಿಲ್ಲ. ನೀ ನೋಡಿಯೇನು?"

ನನ್ನ ಕೈ ನಿಂತಿತು. ಹುಡುಗಿ ಬಂಗಾರ ಕೇಳಲಿಲ್ಲ, ಜರತಾರಿ ಸೀರೆ ಕೇಳಲಿಲ್ಲ. ಮುಹೂರ್ತಕ್ಕೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸುತ್ತಲಿನ ಮಲ್ಲಿಗೆ ಗಿಡದಲ್ಲೇ ಅರಳಿ ನಿಂತಿರಬೇಕು ಎಂದಳು, ಅಷ್ಟೇ. ಆಮೇಲೆ ತಾನೇ ನಕ್ಕು, "ಹುಚ್ಚು ಮಾತು ಬಿಡು" ಎಂದಳು. ನಾನು ಬಿಡಲಿಲ್ಲ.

ಯಜಮಾನರಿಗೆ ಹೇಳಿದಾಗ ಅವರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗುಳಿ ಬಂದು ಕೂತರು. ಅಂದರೆ ದೊಡ್ಡ ಮಾತಿದೆ ಅಂತ ಲೆಕ್ಕ.

"ಹೂವು ದೇವರಿಗೆ ಏರಬೇಕು, ಇಲ್ಲ ಹೆಣ್ಣುಮಕ್ಕಳ ತಲಿಗೆ ಏರಬೇಕು. ಗಿಡದಾಗ ಬಾಡಿಸಿದ್ರ ಹೂಗಾರಗ ಪಾಪ. ನಮ್ಮಪ್ಪ ಹೇಳಿದ ಮಾತು, ನಾ ಹೇಳಿದ್ದಲ್ಲ."

ಅವರು ಹೇಳಿದ್ದು ನಮ್ಮ ಕುಲದ ನೇಮವೇ. ಮೊಗ್ಗು ಬಿಡಿಸದೆ ಬಿಡುವುದೆಂದರೆ ಉಂಡ ಎಲೆಯಲ್ಲಿ ಅನ್ನ ಬಿಟ್ಟ ಹಾಗೆ. ನಾನು ಎರಡು ದಿನ ಯೋಚನೆ ಮಾಡಿದೆ. ಮೂರನೇ ದಿನ ಅವರ ತಾಟಿಗೆ ರೊಟ್ಟಿ ಹಾಕುತ್ತ ಹೇಳಿದೆ.

"ಇಷ್ಟು ವರ್ಷ ಊರ ಮಂದಿಗೆಲ್ಲ ಮುಡಿಸಿದ ಗಿಡರೀ ಅದು. ಒಂದ ಒಂದು ದಿನ ಗಿಡಾನ ಮುಡಕೊಳ್ಳಲಿ. ದೇವರ ಪಾಲಿಂದು ಎರಡು ಸಾಲು ಬಿಡಿಸಿ ಹಂಪಿ ಗುಡಿಗೆ ಕಳಸೂಣು. ಉಳಿದದ್ದು ಹಂಗ ಇರಲಿ."

ಅವರು ಎರಡು ರೊಟ್ಟಿ ತಿಂದು ಮುಗಿಸಿದರು. ಮೂರನೆಯದು ಹಾಕಿಸಿಕೊಂಡು, "ನಿನ್ನ ಮಾತಿಗೆ ನಾ ಯಾವಾಗ ಗೆದ್ದೀನಿ" ಎಂದರು. ಹೀಗೆ ನಮ್ಮ ಕೆಲಸ ಶುರುವಾಯಿತು.

ಗಿಡ ಬೇಕೆಂದ ದಿನಕ್ಕೆ ಹೂವು ಬಿಡುವುದಿಲ್ಲ, ಅದನ್ನು ದಾರಿಗೆ ತರಬೇಕು. ದುಂಡುಮಲ್ಲಿಗೆಗೆ ಚಳಿಗಾಲದಲ್ಲಿ ನೀರು ನಿಲ್ಲಿಸಿ ಬಾಯಾರಿಸುತ್ತೇವೆ. ಎಲೆ ಉದುರಿದ ಮೇಲೆ ಮೊಣಕಾಲಿನ ಎತ್ತರಕ್ಕೆ ಕತ್ತರಿಸಿ, ಬುಡ ಬಿಡಿಸಿ, ಗೊಬ್ಬರ ಕೊಟ್ಟು ನೀರು ಕಟ್ಟುತ್ತೇವೆ. ಆಮೇಲೆ ಹೂವು ಅಲೆಅಲೆಯಾಗಿ ಬರುತ್ತದೆ. ಒಂದು ಅಲೆ ಏರಿ ಇಳಿದ ಮೇಲೆ ಕುಡಿ ಚಿವುಟಿ ಮತ್ತೆ ನೀರು ಕಟ್ಟಿದರೆ, ಸುಮಾರು ಐದು ವಾರಕ್ಕೆ ಇನ್ನೊಂದು ಅಲೆ. ಅಯ್ಯನವರು ವೈಶಾಖದಲ್ಲಿ ಮುಹೂರ್ತ ತೆಗೆದುಕೊಟ್ಟ ದಿನವೇ ನಾನು ಬೆರಳು ಮಡಚಿ ವಾರಗಳನ್ನು ಹಿಂದಕ್ಕೆ ಎಣಿಸಿದೆ. ನನಗೆ ಬಂದ ಓದು ಎರಡನೇ ಕ್ಲಾಸಿನವರೆಗಿನದು. ಅದೂ ಮೊಮ್ಮಗಳ ಪಾಟಿಯ ಮೇಲೆ ತಿದ್ದಿ ಮುದುಕಿಯಾದ ಮೇಲೆ ಗಟ್ಟಿಯಾದದ್ದು. ಆದರೆ ಮಲ್ಲಿಗೆಯ ಲೆಕ್ಕ ಬೆರಳಿನಲ್ಲೇ ಇತ್ತು. ಇಪ್ಪತ್ತು ಸಾಲಿನ ಕುಡಿಯನ್ನೂ ಒಂದೇ ವಾರದಲ್ಲಿ ಚಿವುಟಿದೆವು. ಎಲ್ಲ ಗಿಡ ಒಂದೇ ಸಲ ತುಂಬಿ ಬರಲಿ ಅಂತ.

ಚಿವುಟಿ ಮುಗಿದ ಮಾರನೆಯ ದಿನವೇ ನೀರಗಂಟಿ ಬಂದ. ಕಾಲುವೆಯ ತೂಬು ತೆಗೆಯುವವನು, ಮುಚ್ಚುವವನು ಅವನೇ.

"ಅಮ್ಮ, ಹೂಳು ತೆಗಿಯಾಕ ನಾಳಿಂದ ಕಾಲುವಿ ಬಂದ್. ಮೇಲಿನ ಹುಕುಂ."

"ಎಷ್ಟು ದಿನಪ್ಪ?"

"ಹದಿನೈದು ಅಂದಾರ. ಅವರ ಹದಿನೈದು ಅಂದ್ರ ನೀವು ಇಪ್ಪತ್ತು ಅಂತ ತಿಳೀರಿ."

ಪ್ರತಿ ವರ್ಷ ಬೇಸಿಗೆಯಲ್ಲಿ ಇದು ಇದ್ದದ್ದೇ. ಆದರೆ ಆ ವರ್ಷ ಮುಂಚೆ ಬಂತು. ಕುಡಿ ಚಿವುಟಿದ ಗಿಡಕ್ಕೆ ಆಗ ನೀರು ತಪ್ಪಿದರೆ ಚಿಗುರು ಬರುತ್ತದೆ, ಮೊಗ್ಗು ಬರುವುದಿಲ್ಲ. ಬಾವಿಗೆ ಕಪಿಲೆ ಕಟ್ಟಿದೆವು. ಎತ್ತು ಹಿಂದಕ್ಕೆ ಹೋಗಿ ಮುಂದಕ್ಕೆ ಬಂದರೆ ಒಂದು ತೊಗಲಿನ ಚೀಲದಷ್ಟು ನೀರು. ಐವತ್ತು ಚೀಲಕ್ಕೆ ಬಾವಿಯ ತಳ ಕಾಣುತ್ತಿತ್ತು. ಯಜಮಾನರಿಗೆ ಬಾಳೆಯ ಮಡಿ ಇತ್ತು, ಗೊನೆ ಹಾಕುವ ಹೊತ್ತು. ಬಾವಿ ಎರಡಕ್ಕೂ ಸಾಲದು. ಅವರು ಬಾಳೆಯ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು ಬಂದು, ಬಾವಿ ನೀರು ಹರಿಯುವ ಸಣ್ಣ ಕಾಲುವೆಯ ಬಾಯನ್ನು ಸನಿಕೆಯಿಂದ ಮಲ್ಲಿಗೆಯ ಕಡೆಗೆ ತಿರುಗಿಸಿದರು. ಹರಿಸಿದರೆ ಅರ್ಧ ನೀರು ಮಣ್ಣೇ ಕುಡಿಯುತ್ತದೆಂದು, ಕೊನೆಯ ಸಾಲುಗಳಿಗೆ ಗಿಡಕ್ಕೆ ಒಂದೊಂದು ಕೊಡ ನೀರನ್ನು ನಾನೂ ಸೊಸೆಯೂ ಹೊತ್ತು ಹಾಕಿದೆವು. ಹತ್ತೊಂಬತ್ತನೇ ದಿನ ಕಾಲುವೆಗೆ ನೀರು ಬಂತು. ಅದರ ಮಾರನೆಯ ದಿನ ಎಲೆಯ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗು ಕಂಡೆ. ಯಾರಿಗೂ ಹೇಳದೆ ಅಲ್ಲೇ ಬದುವಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಮದುವೆಗೆ ಎಂಟು ದಿನ ಇರುವಾಗ ಬಳ್ಳಾರಿಯಿಂದ ಬಾಡಿಗೆಗೆ ಡೇರೆ ಹಾಕುವ ಸಾಹೇಬರು ಬಂದರು. ಮುನ್ನೂರು ಮಂದಿ ಊಟಕ್ಕೆ ಕೂಡುವಂಥ ಡೇರೆ. ರೈಲಿನಲ್ಲಿ ಬಂದ ಬಟ್ಟೆ, ಕಂಬ, ಗೂಟಗಳನ್ನು ಸ್ಟೇಷನ್ನಿನಿಂದ ಮೂರು ಬಂಡಿಯಲ್ಲಿ ತಂದೆವು. ಸಾಹೇಬರು ಕಣವನ್ನು ಹೆಜ್ಜೆಯಲ್ಲಿ ಅಳೆದು ತಲೆಯಾಡಿಸಿದರು.

"ಅಮ್ಮಾ, ಜಾಗ ಸಾಲಂಗಿಲ್ಲ. ಈ ಕಡಿ ಹಗ್ಗಕ್ಕ ಗೂಟ ಹೊಡಿಬೇಕು. ಎರಡು ಸಾಲು ಗಿಡ ತೆಗಿಸಿಕೊಡ್ರಿ."

"ಒಂದು ಗಿಡಾನೂ ತೆಗಿಸಂಗಿಲ್ಲ."

"ಗಿಡ ಮತ್ತ ಬೆಳಿತಾವ. ಗಾಳಿಗೆ ಡೇರೆ ಬಿತ್ತಂದ್ರ ಬೀಗರ ತಲಿ ಮತ್ತ ಬೆಳ್ಯಾಂಗಿಲ್ಲ."

"ಸಾಹೇಬ್ರ, ಇವಕ್ಕ ನಾ ಕೊಡ ಹೊತ್ತು ನೀರು ಹಾಕೀನಿ. ನನ್ನ ಬೆನ್ನು ನೋಡಿ ಹೇಳ್ರಿ, ತೆಗಿಲೇನು?"

ಅವರು ನನ್ನ ಬೆನ್ನು ನೋಡಲಿಲ್ಲ, ಗಿಡ ನೋಡಿದರು. ಬಗ್ಗಿ ಒಂದು ಮೊಗ್ಗನ್ನು ಬೆರಳ ತುದಿಯಿಂದ ಮುಟ್ಟಿ, "ಮಸ್ತ್ ಬಂದಾವ" ಎಂದರು. ಆಮೇಲೆ ಆ ಕಡೆಯ ಹಗ್ಗಗಳನ್ನು ಗೂಟದ ಬದಲು ಮಾವಿನ ಮರದ ಬೊಡ್ಡೆಗಳಿಗೆ ಎಳೆದು ಕಟ್ಟಿಸಿದರು. ಹಾಗಾಗಿ ಡೇರೆ ಒಂದು ಬದಿಗೆ ಎತ್ತರ, ಇನ್ನೊಂದು ಬದಿಗೆ ತಗ್ಗಾಗಿ, ಕುಂಟ ಎತ್ತು ನಿಂತ ಹಾಗೆ ಕಾಣುತ್ತಿತ್ತು. ನೆರಳಿಗೇನೂ ಕಡಿಮೆ ಇರಲಿಲ್ಲ. ಅಕ್ಕಿಕಾಳಿನ ಮಂಟಪವನ್ನು ಮಾತ್ರ ಡೇರೆಯ ಹೊರಗೆ, ಮಲ್ಲಿಗೆ ಸಾಲುಗಳ ಎದುರಿಗೆ ತೆಂಗಿನ ಗರಿಯಲ್ಲಿ ಹಾಕಿಸಿದೆವು.

ಮದುವೆಯ ಹಿಂದಿನ ದಿನ ಮೊಗ್ಗು ಹೇಗೆ ತುಂಬಿತ್ತೆಂದರೆ, ಎಲೆಗಿಂತ ಮೊಗ್ಗು ಹೆಚ್ಚು. ನಾವು ದಿನಾ ಕರೆಯುವ ಆಳು ಹೆಣ್ಣುಮಕ್ಕಳಿಗೆ ಬರಬೇಡಿರೆಂದು ಹೇಳಿ ಕಳಿಸಿದ್ದೆ. ದೇವರ ಎರಡು ಸಾಲನ್ನು ನಾನೇ ಬಿಡಿಸಿ ಬುಟ್ಟಿ ತುಂಬಿ ಹಂಪಿಗೆ ಬಂಡಿ ಹೊಡೆಸಿದೆ. ಬೆಳಿಗ್ಗೆಯಿಂದ ನೆಂಟರ ಬಂಡಿಗಳು ಬರುತ್ತಲೇ ಇದ್ದವು. ಸಂಡೂರಿನಿಂದ, ಬಂಡ್ರಿಯಿಂದ, ಕಂಪ್ಲಿಯಿಂದ. ಕಂಪ್ಲಿಯಿಂದ ಬಂದವಳು ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಆರು ವರ್ಷ ದೊಡ್ಡವಳು. ಹೂವು ಕಟ್ಟುವುದನ್ನು ನನಗೆ ಕಲಿಸಿದವಳೇ ಅವಳು. ನೆಂಟರ ಊಟವಾದ ಮೇಲೆ ನಾನು ಮೊಮ್ಮಗಳ ಸುರಗಿ ನೀರಿಗೆಂದು ಬಾವಿಯ ಹಿಂದಿನ ಗುಡಿಸಲಿಗೆ ಹೋದೆ. ಅರಿಶಿನ ಹಚ್ಚಿ, ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ, ಹಾಡು ಹೇಳಿ ನೀರು ಹಾಕುವ ಶಾಸ್ತ್ರ. ಅದು ಒಂದೂವರೆ ತಾಸು ಹಿಡಿಯಿತು.

ಹೊರಗೆ ಬಂದೆ. ತೋಟದ ಸಾಲುಗಳಲ್ಲಿ ಮೂವತ್ತು ಸೀರೆ ಬಗ್ಗಿದ್ದವು.

ನೆಂಟರ ಹೆಣ್ಣುಮಕ್ಕಳೆಲ್ಲ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಉಡಿ ಕಟ್ಟಿ, ಎರಡೂ ಕೈಯಲ್ಲಿ ಮೊಗ್ಗು ಬಿಡಿಸುತ್ತಿದ್ದರು. ಎಲ್ಲರೂ ಹೂಗಾರರೇ. ಅವರ ಕೈಯ ವೇಗವನ್ನು ಏನೆಂದು ಹೇಳಲಿ. ಹನ್ನೊಂದು ಸಾಲು ಬರಿದಾಗಿತ್ತು. ಅಕ್ಕ ನನ್ನನ್ನು ಕಂಡು ಬೆವರು ಒರೆಸಿಕೊಳ್ಳುತ್ತ ಬಂದಳು. ಮುಖದಲ್ಲಿ ಸಂತೋಷ.

"ಮದುವಿ ಗದ್ದಲದಾಗ ನೀ ಮರತಿದ್ದೆಲ್ಲೇ ತಂಗಿ. ಹೊತ್ತು ವಾಲಿದ್ರೂ ಒಬ್ಬಾಕಿನೂ ತೋಟಕ್ಕ ಇಳಿದಿಲ್ಲ. ಇಷ್ಟು ಮೊಗ್ಗು ಹಾಳಾಗತಾವಲ್ಲ ಅಂತ ನಾವ ಇಳಿದ್ವಿ. ಇನ್ನ ಏಳು ಸಾಲು, ಈಗ ಮುಗಸ್ತೀವಿ."

ನಾನು ಆಳುಗಳಿಗೆ ಹೇಳಿದ್ದೆ. ಬಂಧುಬಳಗಕ್ಕೆ ಹೇಳಿರಲಿಲ್ಲ. ಮದುವೆಗೆ ಬಂದ ಮಂದಿ ತೋಟಕ್ಕೆ ಇಳಿದಾರೆಂದು ಯಾರು ಎಣಿಸುತ್ತಾರೆ? ಆದರೆ ಮಧ್ಯಾಹ್ನವಾದರೆ ನಮ್ಮ ಕೈ ಸುಮ್ಮನೆ ಇರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

"ನಿಲ್ಲಿಸ್ರಿ" ಎಂದೆ. ನಿಂತಲ್ಲೇ ಅಕ್ಕನಿಗೆ ವಿಷಯ ಹೇಳಿದೆ. ಅವಳ ಮುಖ ಇಳಿಯಿತು. ಸಾಲುಗಳಲ್ಲಿ ಒಬ್ಬೊಬ್ಬರೇ ನೆಟ್ಟಗೆ ನಿಂತರು. ಉಡಿಯಲ್ಲಿದ್ದ ಮೊಗ್ಗನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ನಿಂತರು.

ಅಷ್ಟರಲ್ಲಿ ಮೊಮ್ಮಗಳು ಒದ್ದೆ ಕೂದಲಿನಲ್ಲೇ ಗುಡಿಸಲಿನ ಬಾಗಿಲಿಗೆ ಬಂದಳು. ಬರಿದಾದ ಸಾಲು ನೋಡಿದಳು, ತುಂಬಿದ ಬುಟ್ಟಿ ನೋಡಿದಳು. ಅತ್ತಿದ್ದರೆ ಒಳ್ಳೆಯದಿತ್ತು. ಅವಳು ನಗುಮುಖ ಮಾಡಿ, "ಇರಲಿ ಬಿಡಜ್ಜಿ. ದೊಡ್ಡಜ್ಜಿ ಬೇಕಂತ ಮಾಡ್ಯಾಳೇನು? ಏಳು ಸಾಲು ಅದಾವಲ್ಲ, ಅಷ್ಟ ನೋಡಿದ್ರಾತು" ಎಂದಳು. ಹಾಗೆ ಹೇಳಿ ಒಳಗೆ ಹೋದಳು. ಆ ಏಳು ಸಾಲು ಇದ್ದದ್ದು ಕಾಲುವೆಯ ಆ ತುದಿಗೆ, ಮಂಟಪಕ್ಕೆ ದೂರ. ಮಂಟಪದ ಎದುರಿಗಿದ್ದದ್ದೆಲ್ಲ ಬರೀ ಹಸಿರು.

ಮಂಟಪ ಕಿತ್ತು ಆ ಕಡೆ ಹಾಕೋಣವೆಂದರೆ ಅಲ್ಲಿ ಕೆಸರು, ಕಾಲುವೆಯ ಏರಿ. ಬಿಡಿಸಿದ ಮೊಗ್ಗನ್ನು ಮಾಲೆ ಕಟ್ಟಿ ಮಂಟಪಕ್ಕೆ ಇಳಿಬಿಡೋಣ ಎಂದರು ಯಾರೋ. ಅದು ಎಲ್ಲರ ಮದುವೆಯಲ್ಲೂ ಇರುವುದೇ. ನಾನು ಬುಟ್ಟಿಗೆ ಕೈ ಹಾಕಿ ನೋಡಿದೆ. ಮೊಗ್ಗು ತಣ್ಣಗಿತ್ತು, ಬಿಗಿಯಾಗಿತ್ತು. ಅರಳುವುದಕ್ಕೆ ಇನ್ನೂ ಮೂರು ತಾಸು.

"ಅಕ್ಕ, ಇವನ್ನ ವಾಪಸ್ ಗಿಡಕ್ಕ ಕಟ್ಟೂಣು."

ಅಕ್ಕ ನನ್ನ ಮುಖವನ್ನೇ ನೋಡಿದಳು. "ಬಿಡಿಸಿದ ಹೂವು ಗಿಡಕ್ಕ ಕಟ್ಟೋದು ಎಲ್ಲ್ಯಾರ ಕೇಳೀಯೇನು?"

"ನೀ ಎಲ್ಲ್ಯಾರ ಕೇಳಿಯೇನು, ಮದುವಿಗೆ ಬಂದ ನೆಂಟರು ಮದುಮಗಳ ತೋಟ ಬೋಳಿಸಿದ್ದು?"

ಯಾರೋ ಕಿಸಕ್ಕನೆ ನಕ್ಕರು. ಅಕ್ಕನೂ ನಕ್ಕಳು, ಕಣ್ಣಲ್ಲಿ ನೀರಿತ್ತು. "ಬಿಡಿಸಿದ ಕೈ ನಮ್ಮವು. ಕಟ್ಟೋ ಕೈನೂ ನಮ್ಮವ. ನಾರು ತರ್ರಿ ಜಲ್ದಿ" ಎಂದು ಸೊಂಟದ ಸೆರಗನ್ನು ಇನ್ನಷ್ಟು ಬಿಗಿದಳು.

ಮೊದಲು ಯಾವಾಗಲೂ ಕಟ್ಟುವ ಹಾಗೆ ಉದ್ದಕ್ಕೆ ಮಾಲೆ ಕಟ್ಟಿ ಗಿಡದ ಮೇಲೆ ಸುತ್ತಿದೆವು. ಯಜಮಾನರು ಬಂದು ನೋಡಿ, "ಗಿಡಕ್ಕ ದಾವಣಿ ಕಟ್ಟೀರೇನು? ಎಲ್ಲಿ ಓಡಿ ಹೊಕ್ಕಾವ ಅಂತ?" ಎಂದರು. ನಿಜವೇ, ಎತ್ತಿಗೆ ಹಗ್ಗ ಬಿಗಿದ ಹಾಗೆ ಕಾಣುತ್ತಿತ್ತು. ಬಿಚ್ಚಿದೆವು. ಆಗ ಅಕ್ಕ ದಾರಿ ತೋರಿಸಿದಳು. ಮೂರು ಮೊಗ್ಗಿಗೆ ಒಂದು ಗಂಟು, ಗಂಟಿನ ಕೆಳಗೆ ನಾಲ್ಕು ಬೆರಳು ನಾರು ಬಾಲದ ಹಾಗೆ ಬಿಡುವುದು. ಆ ಬಾಲವನ್ನು ಚಿಗುರಿನ ತುದಿಗೆ, ಮೇಲಿನ ಎಲೆಯ ಅಡಿಗೆ ಸುತ್ತಿ ಬಿಗಿಯುವುದು. ಗಿಡಕ್ಕೆ ಮೊಗ್ಗು ಬರುವುದೂ ಹೀಗೇ, ಕುಡಿಯ ತುದಿಗೆ ಮೂರು ಮೂರು. ಒಣ ನಾರಾದರೆ ಚಿಗುರು ಕತ್ತರಿಸುತ್ತದೆಂದು ಬಾಲ್ದಿಯಲ್ಲಿ ನೆನೆಸಿಟ್ಟೆವು. ವಯಸ್ಸಾದವರು ಮಾವಿನ ನೆರಳಲ್ಲಿ ಕೂತು ಗಂಟು ಹಾಕುವುದು, ಕಣ್ಣು ಚುರುಕಿದ್ದವರು ಸಾಲಿನಲ್ಲಿ ನಿಂತು ಕಟ್ಟುವುದು. ಗಿಡಕ್ಕೆ ಇಪ್ಪತ್ತು ಗೊಂಚಲು ಎಂದು ಗೊತ್ತು ಮಾಡಿದೆವು.

ಡೇರೆಯ ಸಾಹೇಬರು ದೂರದಿಂದ ನೋಡುತ್ತಿದ್ದವರು ಹತ್ತಿರ ಬಂದು, "ಅಮ್ಮಾ, ಬಿಸಿಲು ಹೊಡಿತೈತಿ, ಮೊಗ್ಗು ಬಾಡತಾವ" ಎಂದರು. ಆಳುಗಳಿಗೆ ಹೇಳಿ ಡೇರೆಯ ಪಕ್ಕದ ಗೋಡೆಬಟ್ಟೆ ಬಿಚ್ಚಿಸಿದರು. ನಾವು ಕಟ್ಟಿದ ಸಾಲಿಗೆ ಪಡುವಣ ಬಿಸಿಲು ಬೀಳದ ಹಾಗೆ ಕೋಲಿಗೆ ಹಾಕಿ ಹಿಡಿಸಿದರು. ಒಂದು ಸಾಲು ಮುಗಿದರೆ ಬಟ್ಟೆ ಮುಂದಿನ ಸಾಲಿಗೆ. ಎರಡು ಸಾಲು ಗಿಡ ತೆಗೆಸಿ ಎಂದವರು ಅವರೇ.

ಸಂಜೆಯ ತಂಪು ಇಳಿಯುವಾಗ ಮೊಗ್ಗು ನಮ್ಮ ಬೆರಳಿನಲ್ಲೇ ಸಡಿಲವಾಗತೊಡಗಿತು. ಗಂಟು ಹಾಕುತ್ತಿರುವಾಗಲೇ ಎಸಳು ಬಿಚ್ಚಿಕೊಳ್ಳುವುದು. ಆ ಪರಿಮಳಕ್ಕೆ ಎಲ್ಲ ಹೆಂಗಸರೂ ಗಂಟು ಹಾಕುತ್ತಲೇ ಮುಖ ಎತ್ತಿ ಉಸಿರೆಳೆದುಕೊಂಡರು. ದೀಪ ಹಚ್ಚುವ ಹೊತ್ತಿಗೆ ಎಂಟು ಸಾಲು ಆಗಿತ್ತು. ಬಾವಿಯ ಕಡೆಯ ಮೂರು ಸಾಲು ಹಾಗೇ ಉಳಿಯಿತು. ಅಕ್ಕ ಅವನ್ನೂ ಮುಗಿಸುತ್ತೇನೆ ಎಂದು ಹಟ ಹಿಡಿದಳು. ಅರಳಿದ ಹೂವಿಗೆ ಗಂಟು ಹಾಕಿದರೆ ಉದುರುತ್ತದೆ, ಬಿಡು ಎಂದು ಕೈ ಹಿಡಿದು ಎಬ್ಬಿಸಿದೆ.

ಬೆಳಿಗ್ಗೆ ಬೆಳಕು ಹರಿಯುವಾಗ ಮೊಮ್ಮಗಳನ್ನು ಕರೆದುಕೊಂಡು ಹೊರಗೆ ಬಂದೆ.

ನನಗೆ ಬರೆಯಲು ಬರುವ ಮಾತು ಕಡಿಮೆ. ತೋಟ ಬೆಳ್ಳಗಿತ್ತು. ಬದುವಿನಿಂದ ಕಾಲುವೆಯ ಏರಿಯ ತನಕ, ನಡುವೆ ಬಿಟ್ಟ ಮೂರು ಸಾಲು, ದೇವರ ಪಾಲಿನ ಎರಡು ಸಾಲು ಹಸಿರು ಪಟ್ಟೆಯಾಗಿ, ಉಳಿದದ್ದೆಲ್ಲ ಬಿಳುಪು. ನಾನು ಸಾವಿರ ಸಾವಿರ ಬುಟ್ಟಿ ಹೊತ್ತಿದ್ದೇನೆ. ಅದೆಲ್ಲ ಒಂದೇ ಕಡೆ ನಿಂತು ನನ್ನನ್ನು ನೋಡುವ ಹಾಗಿತ್ತು. ಮೊಮ್ಮಗಳು ನನ್ನ ಕೈ ಹಿಡಿದವಳು ಬಿಡಲಿಲ್ಲ. ಸಾಲಿನ ನಡುವೆ ನಾಲ್ಕು ಹೆಜ್ಜೆ ಇಟ್ಟು, ಬಗ್ಗಿ ಒಂದು ಗೊಂಚಲಿನ ಕೆಳಗೆ ನೋಡಿ, ನಾರಿನ ಗಂಟನ್ನು ಬೆರಳಿನಿಂದ ಸವರಿದಳು. "ಇದು ದೊಡ್ಡಜ್ಜಿ ಗಂಟು" ಎಂದಳು. ಎರಡು ಹೆಜ್ಜೆಗೆ ಇನ್ನೊಂದು, "ಇದು ನಿಂದು." ಆಗ ಅತ್ತಳು. ನಾನೂ ಅತ್ತೆ. ಹಿಂದೆ ಯಜಮಾನರು ಕೆಮ್ಮಿದ್ದು ಕೇಳಿ ತಿರುಗಿದರೆ, ಅವರು ಮಾವಿನ ಮರದ ಕಡೆ ಮುಖ ಮಾಡಿ ನಿಂತಿದ್ದರು.

"ಪಾಪ ಬಂತೇನ್ರಿ?" ಎಂದೆ.

"ಬರಲಿ ತಗೊ. ಇಂಥ ಪಾಪ ವರ್ಷಕ್ಕೊಂದು ಬರಲಿ" ಎಂದರು.

ಹೊತ್ತು ಮಾರುದ್ದ ಏರುವ ಮೊದಲೇ ಅಕ್ಕಿಕಾಳು ಬಿತ್ತು. ಗಾಳಿ ಸಣ್ಣಗಿತ್ತು. ಬೀಗತಿ, ಮೇಷ್ಟರ ತಾಯಿ, ಮಂಟಪದಿಂದ ಇಳಿದು ಒಂದು ಹೂವಿಗೆ ಕೈ ಹಾಕಿದರು. ಮೂರು ಹೂವು ನಾರಿನ ಬಾಲದ ಸಮೇತ ಕೈಗೆ ಬಂತು. ಎತ್ತಿ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಅಂದರು.

"ಏನ್ರಿ ಬೀಗತಿ, ನಮ್ಮ ಕಂಪ್ಲಿ ಕಡೆ ಗಿಡ ಬರೇ ಹೂವು ಬಿಡತಾವ. ನಿಮ್ಮ ಗಿಡ ಕಟ್ಟಿ ಕೊಡತಾವಲ್ಲ?"

ಅಕ್ಕ ತಟ್ಟನೆ ಹೇಳಿದಳು, "ನಿಮ್ಮ ಸೊಸೀಗೆ ತ್ರಾಸ ಆಗಬಾರದಂತ ಗಿಡಕ್ಕೂ ಕೆಲಸ ಕಲಿಸೀವ್ರಿ." ಇಡೀ ಹಂದರ ನಕ್ಕಿತು. ಬೀಗತಿ ಆ ಗೊಂಚಲನ್ನು ಹಾಗೇ, ನಾರಿನ ಸಮೇತ, ಮುಡಿಗೆ ಸಿಕ್ಕಿಸಿಕೊಂಡರು.

ಕುಂಟ ಡೇರೆಯ ಅಡಿಯಲ್ಲಿ ಹೋಳಿಗೆ, ಮಾವಿನ ಸೀಕರಣೆಯ ಊಟ ನಡೆಯಿತು. ಯಜಮಾನರ ಬಾಳೆ ನೀರಿಲ್ಲದೆ ಗೊನೆ ಹಾಕದಿದ್ದರೂ ಎಲೆಯನ್ನು ಮಾತ್ರ ಕೊಟ್ಟಿತ್ತು, ಊಟಕ್ಕೆ ಅದೇ ಎಲೆ. ಬಿಸಿಲೇರಿದ ಹಾಗೆ ಗಿಡದ ಹೂವು ಕೆಂಪಾಗಿ ಬಾಡಿತು. ನಾನು ಅದನ್ನೂ ನೋಡಿದೆ. ಬೇಸರವಾಗಲಿಲ್ಲ. ಕೊನೆಯ ಪಂಕ್ತಿ ಏಳುವಾಗ ನೆರಳು ಕಾಲಬುಡಕ್ಕೆ ಬಂದಿತ್ತು, ಬಾಡಿದ ಹೂವಿನ ಪಕ್ಕದಲ್ಲಿ ಆ ದಿನದ ಹೊಸ ಮೊಗ್ಗು ಬೆಳ್ಳಗಾಗಿತ್ತು. ಅಕ್ಕನ ಕೈ ಸೆರಗಿಗೆ ಹೋಗಿ ಅಲ್ಲೇ ನಿಂತಿತು. ನನ್ನ ಮುಖ ನೋಡಿದಳು.

"ಇವತ್ತು ಬಿಡಿಸಬಹುದೇನಬೇ?"

ಮೊಮ್ಮಗಳು ನನಗಿಂತ ಮೊದಲು ಬುಟ್ಟಿ ಎತ್ತಿಕೊಂಡಳು. ಬಾಸಿಂಗ ಕಟ್ಟಿದ ಹಣೆ, ಅರಿಶಿನದ ಕೈ. ಮೂವತ್ತು ಮಂದಿ ಅವಳ ಹಿಂದೆ ಸಾಲಿಗೆ ಇಳಿದೆವು.

ಅವಳು ಕಂಪ್ಲಿಗೆ ಹೋಗಿ ತಿಂಗಳುಗಳಾದವು. ಈಗ ಹೊಟ್ಟೆಯಲ್ಲೊಂದು ಕೂಸಿದೆ ಎಂದು ಕಾಗದ ಬಂದಿದೆ. ಮಧ್ಯಾಹ್ನ ಮೊಗ್ಗು ಬಿಡಿಸುವಾಗ ಇಂದಿಗೂ ಬೆರಳಿಗೆ ಒಣಗಿದ ನಾರಿನ ಗಂಟು ತಾಕುತ್ತದೆ. ಸಣ್ಣ ಗಂಟಾದರೆ ಅಕ್ಕನದು, ಸ್ವಲ್ಪ ಒರಟಾದರೆ ನನ್ನದು. ಬಿಚ್ಚುವುದಿಲ್ಲ. ಅದರ ಮೇಲೆಯೇ ಚಿಗುರು ಬಂದಿದೆ, ಮೂರು ಮೂರು ಮೊಗ್ಗು.